ಕಲ್ಲಿನ ಕಂಬ, ದೀಪದ ಕಂಬ

ಭಾಲ್ಕಿಯ ಎರೆಭೂಮಿಯಲ್ಲಿ ಹುಟ್ಟಿ ಬೆಳೆದು, ಶ್ರಾವಣ ಭಾದ್ರಪದಗಳಲ್ಲಿ ದಡ ಮೀರಿ ಹರಿಯುವ ಮಾಂಜ್ರಾ ನದಿಯನ್ನೋ, ಬ್ಯಾಲಹಳ್ಳಿಯ ಬಳಿ ಅಣೆಕಟ್ಟಿನ ಹಿಂದೆ ಹರಡಿಕೊಂಡಿರುವ ಕಾರಂಜಾ ಜಲಾಶಯವನ್ನೋ ಬಿಟ್ಟರೆ ಅದಕ್ಕಿಂತ ದೊಡ್ಡದಾದ ಜಲರಾಶಿಯನ್ನು ಕಣ್ಣಾರೆ ಕಾಣದೆಯೇ ವಾರ್ಧಕ್ಯವನ್ನು ಮುಟ್ಟಿದವರು ನಮ್ಮ ಕಡೆಯ ಹಳ್ಳಿಹಳ್ಳಿಗಳಲ್ಲಿಯೂ ಇದ್ದಾರೆ. ನನ್ನ ಸೋದರಮಾವನವರು ಅಂಥವರಲ್ಲಿ ಒಬ್ಬರು. ಎಪ್ಪತ್ತು ದಾಟಿದ ವಯಸ್ಸಿನಲ್ಲಿಯೂ ಮುಂಜಾನೆ ಹೊಲದ ಬದುವನ್ನು ಒಮ್ಮೆ ಸುತ್ತಿ ಬಾರದೆ ಚಹಾ ಮುಟ್ಟದ ಆ ಹಿರಿಯರು, ಎಳ್ಳಮಾವಾಸ್ಯೆಯ ಚರಗ ಚೆಲ್ಲಿ, ತೊಗರಿಯ ರಾಶಿಯೂ ಮನೆ ಸೇರಿದ ಮೇಲೆ, ಒಂದು ದಿನ ಕಟ್ಟೆಯ ಮೇಲೆ ಕುಳಿತು, ‘ಮೊಣಕಾಲು ಗಟ್ಟಿ ಇರೂತನಕ ಒಮ್ಮೆ ಸಮುದ್ರ ನೋಡಬೇಕಲ್ಲೋ ತಮ್ಮಾ. ಗುಡ್ಡ ಹತ್ತಾಕ ಆಗೂದಿಲ್ಲ, ಸಪಾಟ ನೆಲದಾಗ ಎಷ್ಟಾದರೂ ನಡೀತೀನಿ’ ಎಂದರು. ಗುಡ್ಡ ಹತ್ತದೆ, ಮೈ ದಣಿಯದಂತೆ, ಒಂದೇ ಹಗಲಿನಲ್ಲಿ ನಡೆದು ಮುಗಿಸಬಹುದಾದ, ಆದರೆ ನಡೆದವನ ಮನಸ್ಸಿನಲ್ಲಿ ಬಹುಕಾಲ ನಿಲ್ಲುವಂತಹ ಕಡಲ ತೀರವೊಂದನ್ನು ಹುಡುಕುವ ಹೊಣೆ ಹೀಗೆ ನನ್ನ ಪಾಲಿಗೆ ಬಂದಿತು.

ನಾನು ಆರಿಸಿದ್ದು ಉಡುಪಿಯ ಬಳಿಯ ಮಲ್ಪೆಯ ಕಡಲಿನಲ್ಲಿರುವ ಸೇಂಟ್ ಮೇರಿಸ್ ದ್ವೀಪವನ್ನು ಮತ್ತು ಅಲ್ಲಿಂದ ಸ್ವಲ್ಪ ದಕ್ಷಿಣಕ್ಕೆ, ಕಾಪುವಿನ ಬಂಡೆಯ ಮೇಲೆ ನಿಂತಿರುವ ದೀಪಸ್ತಂಭವನ್ನು. ದ್ವೀಪದ ಮೇಲೆಯೇ ದೀಪಸ್ತಂಭವಿರುವ ಸ್ಥಳ ಕರ್ನಾಟಕದಲ್ಲಿ ಇಲ್ಲವೆಂದಲ್ಲ. ಕಾರವಾರದ ಎದುರಿನ ದೇವಗಡ ದ್ವೀಪದ ಶಿಖರದಲ್ಲಿ 1860ರ ದಶಕದಲ್ಲಿ ಕಟ್ಟಿದ ದೀಪಸ್ತಂಭವುಂಟು. ಆದರೆ ಅದಕ್ಕೆ ಏರಬೇಕಾದ ದಾರಿ ವೃದ್ಧರ ಮೊಣಕಾಲಿಗೆ ತಕ್ಕುದಲ್ಲ. ಮಲ್ಪೆ ಕಾಪುಗಳಾದರೋ ಬೆಳಗಿನಲ್ಲಿ ಒಂದು, ಸಂಜೆಯಲ್ಲಿ ಒಂದು ಎಂಬಂತೆ ಒಂದೇ ದಿನದ ಎರಡು ನಡಿಗೆಗಳಾಗಿ ಸಹಜವಾಗಿಯೇ ಹೊಂದಿಕೊಳ್ಳುತ್ತವೆ.

ಭಾಲ್ಕಿಯಿಂದ ಉಡುಪಿಗೆ ರಸ್ತೆಯ ದಾರಿ ಏಳುನೂರು ಕಿಲೋಮೀಟರಿಗೂ ಮಿಗಿಲು. 1956ರ ನವೆಂಬರ್ 1ಕ್ಕೆ ಮುನ್ನ ನಮ್ಮ ಬೀದರ ಜಿಲ್ಲೆ ಹೈದರಾಬಾದ್ ರಾಜ್ಯದಲ್ಲಿಯೂ, ಉಡುಪಿಯನ್ನೊಳಗೊಂಡ ದಕ್ಷಿಣ ಕನ್ನಡವು ಮದರಾಸಿನಲ್ಲಿಯೂ ಇದ್ದವು. ಒಂದೇ ನುಡಿಯ ಮಕ್ಕಳು ಒಬ್ಬರ ಊರಿನ ಹೆಸರನ್ನು ಇನ್ನೊಬ್ಬರು ಕೇಳದೆಯೇ ಕಾಲ ಕಳೆದ ದಿನಗಳವು. ಖಡಕ ರೊಟ್ಟಿಯ ಗಂಟು ಮತ್ತು ಶೇಂಗಾ ಹಿಂಡಿಯ ಡಬ್ಬಿಯೊಡನೆ ನಾವು ಹೊರಟು, ಕರಿಯ ನೆಲ ಕೆಂಪಾಗಿ, ಜೋಳ ಕಡಲೆಗಳ ಬಯಲು ಅಡಕೆ ತೆಂಗುಗಳ ತೋಟವಾಗಿ, ಗಾಳಿಯಲ್ಲಿ ಉಪ್ಪಿನ ತೇವ ಸೇರಿಕೊಳ್ಳುವ ತನಕ ಮಾವನವರು ಕಿಟಕಿಯಿಂದ ಮುಖ ತೆಗೆಯಲಿಲ್ಲ.

ಮಲ್ಪೆಯು ಕರ್ನಾಟಕದ ದೊಡ್ಡ ಮೀನುಗಾರಿಕಾ ಬಂದರುಗಳಲ್ಲಿ ಒಂದು. ಆದರೆ ಅದರ ಹೆಸರು ಕನ್ನಡ ನಾಡಿನ ನೆನಪಿನಲ್ಲಿ ಉಳಿದಿರುವುದು ಮೀನಿನಿಂದ ಮಾತ್ರವಲ್ಲ. ಹದಿಮೂರನೆಯ ಶತಮಾನದಲ್ಲಿ ಬಿರುಗಾಳಿಗೆ ಸಿಕ್ಕಿ ದಿಕ್ಕೆಟ್ಟಿದ್ದ ಹಡಗೊಂದಕ್ಕೆ ಮಧ್ವಾಚಾರ್ಯರು ತೀರದಲ್ಲಿ ನಿಂತು ತಮ್ಮ ಉತ್ತರೀಯವನ್ನು ಬೀಸಿ ದಾರಿ ತೋರಿದರೆಂದೂ, ಬದುಕಿ ಬಂದ ನಾವಿಕನು ಕೊಟ್ಟ ಗೋಪೀಚಂದನದ ಹೆಂಟೆಯೊಳಗೆ ಉಡುಪಿಯ ಕೃಷ್ಣನೂ ಮಲ್ಪೆಯ ವಡಭಾಂಡೇಶ್ವರದ ಬಲರಾಮನೂ ದೊರೆತರೆಂದೂ ಸಂಪ್ರದಾಯವು ಹೇಳುತ್ತದೆ. ದೀಪಸ್ತಂಭವನ್ನು ಕಾಣಲು ಹೊರಟವರು ಈ ಕಥೆಯನ್ನು ಮೊದಲು ಕೇಳಿಕೊಂಡು ಹೋಗುವುದು ಒಳ್ಳೆಯದು. ದಡದಲ್ಲಿ ನಿಂತವನು ನೀರಿನಲ್ಲಿರುವವನಿಗೆ ಕೊಡಬಲ್ಲ ಉಪಕಾರವೆಂದರೆ ಒಂದು ಸ್ಪಷ್ಟವಾದ ಗುರುತು, ಅಷ್ಟೆ. ಆ ಗುರುತು ಬೀಸಿದ ಬಟ್ಟೆಯಾಗಿರಬಹುದು, ಉರಿಯುವ ದೀಪವಾಗಿರಬಹುದು.

ದ್ವೀಪವು ಮಲ್ಪೆಯಿಂದ ಸುಮಾರು ಆರು ಕಿಲೋಮೀಟರು ದೂರದಲ್ಲಿದೆ. ಯಂತ್ರದ ದೋಣಿಯಲ್ಲಿ ಅರ್ಧ ಗಂಟೆಯ ದಾರಿ. ಮುಂಗಾರು ಮೊದಲಾದೊಡನೆ ಕಡಲು ಕದಡುವುದರಿಂದ ಮಳೆಗಾಲದ ತಿಂಗಳುಗಳಲ್ಲಿ ದೋಣಿಯ ಸಂಚಾರ ನಿಂತುಹೋಗುತ್ತದೆ. ನಡೆಯುವವರಿಗೆ ಹೇಳಿ ಮಾಡಿಸಿದ ಕಾಲವೆಂದರೆ ಕಾರ್ತಿಕದಿಂದ ಮಾಘದವರೆಗೆ. ನೀರು ಕಂಡೊಡನೆ ಮಾವನವರು ಅವಸರಿಸಿ ಕಾಲೆತ್ತಿದಾಗ ದೋಣಿಯ ಹುಡುಗನು, ‘ಗಡಿಬಿಡಿ ಬೇಡ ಅಜ್ಜ, ಅಲೆ ಹಿಂದೆ ಹೋಗ್ಲಿ, ಆಮೇಲೆ ಹತ್ತಿ. ನನ್ನ ಭುಜ ಹಿಡ್ಕೊಳ್ಳಿ’ ಎಂದು ಅವರನ್ನು ನಿಲ್ಲಿಸಿದನು. ಜೀವಮಾನವೆಲ್ಲ ಎತ್ತುಗಳ ಹೆಜ್ಜೆಗೆ ಹೆಜ್ಜೆ ಸೇರಿಸಿ ನಡೆದ ಆ ಹಿರಿಯರು ಅಲೆಯ ಹೆಜ್ಜೆಯನ್ನು ಕ್ಷಣಮಾತ್ರ ನೋಡಿ, ಎಣಿಸಿ, ಮೂರನೆಯದು ಸರಿದೊಡನೆ ತಾವಾಗಿಯೇ ದೋಣಿಯೊಳಗೆ ಕಾಲಿಟ್ಟರು.

ಸೇಂಟ್ ಮೇರಿಸ್ ಎಂದು ಒಂದೇ ಹೆಸರಿನಿಂದ ಕರೆದರೂ ಇದು ದ್ವೀಪಗಳ ಒಂದು ಸಾಲು. ದರಿಯಾ ಬಹಾದ್ದೂರಗಡ, ಉತ್ತರದ ದ್ವೀಪ, ದಕ್ಷಿಣದ ದ್ವೀಪ ಎಂಬುವುಗಳ ನಡುವೆ ಪ್ರವಾಸಿಗಳು ಇಳಿಯುವುದು ತೆಂಗಿನ ಮರಗಳಿಂದ ಹೆಸರು ಪಡೆದ ಕೋಕನಟ್ ದ್ವೀಪದಲ್ಲಿ. ತೋನ್ಸೆ ಪಾರ್ ಎಂಬ ಹೆಸರೂ ಇದಕ್ಕುಂಟು. ಪೋರ್ಚುಗೀಸರ ವಾಸ್ಕೋ ಡ ಗಾಮನು 1498ರಲ್ಲಿ ಇಲ್ಲಿ ಶಿಲುಬೆಯ ಕಂಬವೊಂದನ್ನು ನಿಲ್ಲಿಸಿ ಮೇರಿಮಾತೆಯ ಹೆಸರಿಟ್ಟನೆಂದು ಹೇಳುತ್ತಾರೆ. ದ್ವೀಪದ ಉದ್ದ ಸುಮಾರು ಅರ್ಧ ಕಿಲೋಮೀಟರು, ಅಗಲ ನೂರು ಮೀಟರಿನಷ್ಟು. ಜನವಸತಿಯಿಲ್ಲ. ನಿಧಾನವಾಗಿ, ನಿಂತು ನಿಂತು, ಕಂಡುದನ್ನೆಲ್ಲ ಮುಟ್ಟಿ ನೋಡುತ್ತ ನಡೆದರೂ ಎರಡು ಗಂಟೆಯೊಳಗೆ ಒಂದು ಸುತ್ತು ಮುಗಿಯುತ್ತದೆ.

ಆದರೆ ಆ ಎರಡು ಗಂಟೆಗಳನ್ನು ಅವಸರದಲ್ಲಿ ಕಳೆಯಬಾರದು. ದೋಣಿ ಇಳಿದ ಕಡೆ ಕಾಲಿಗೆ ಸಿಕ್ಕುವುದು ಮರಳಲ್ಲ, ಕಪ್ಪೆಚಿಪ್ಪು ಶಂಖಗಳ ರಾಶಿ. ಹೆಜ್ಜೆ ಊರಿದೊಡನೆ ಒಣಗಿದ ತೊಗರಿಕಾಯಿ ತುಳಿದಂತಹ ಸದ್ದು. ಅದನ್ನು ದಾಟಿ ಪಶ್ಚಿಮದ ಅಂಚಿಗೆ ಬಂದರೆ ನಮ್ಮ ಕಣ್ಣು ಮೊದಲು ಒಪ್ಪಿಕೊಳ್ಳಲಾರದಂತಹ ದೃಶ್ಯ. ಯಾವುದೋ ಅರಸನ ಕಾಲದ ಮಂಟಪವೊಂದು ಕುಸಿದು, ಮೇಲ್ಚಾವಣಿಯೆಲ್ಲ ಕಡಲು ಪಾಲಾಗಿ, ಕಂಬಗಳು ಮಾತ್ರ ಒಂದನ್ನೊಂದು ಒತ್ತಿಕೊಂಡು ನಿಂತಿವೆಯೋ ಎಂಬಂತೆ, ಕೋನಕೋನಗಳಾಗಿ ಕಡೆದಿಟ್ಟಂತಿರುವ ಶಿಲಾಸ್ತಂಭಗಳು ನೂರಾರು. ಕೆಲವು ಆಳುದ್ದ, ಕೆಲವು ಮೂರಾಳುದ್ದ, ಕೆಲವು ನೀರಿನ ಮಟ್ಟಕ್ಕೆ ಸವೆದು ಹಾಸುಗಲ್ಲಿನ ಅಂಗಳದಂತಾಗಿರುವವು. ಒಣಗಿದ ಕಡೆ ಬೂದುಗಂದು ಬಣ್ಣ, ಅಲೆ ತಾಕಿದ ಕಡೆ ಕಾಡಿಗೆಗಪ್ಪು. ಸಂದುಗಳಲ್ಲಿ ನಿಂತ ಬೊಗಸೆನೀರಿನಲ್ಲಿ ಉಗುರಿನಷ್ಟು ಗಾತ್ರದ ಏಡಿಗಳು ನಮ್ಮ ನೆರಳು ಬಿದ್ದೊಡನೆ ಕಲ್ಲಿನಡಿಗೆ ಸರಿಯುತ್ತವೆ.

ಮಾವನವರು ಒಂದು ಕಂಬದ ತಲೆಯ ಬಳಿ ಕುಳಿತರು. ಗೇಣು ಹಾಕಿ ಅಳೆದರು. ಬೆರಳಿಟ್ಟು ಮೂಲೆಗಳನ್ನು ಎಣಿಸಿದರು. ‘ಆರು.’ ಪಕ್ಕದ್ದನ್ನು ಎಣಿಸಿದರು. ‘ಇದಕ್ಕ ಐದು.’ ಇನ್ನೊಂದನ್ನು ಎಣಿಸಿ, ‘ಇದಕ್ಕ ಮತ್ತ ಆರು’ ಎಂದು, ಬಳಿಕ ಬಹಳ ಹೊತ್ತು ಮಾತಿಲ್ಲದೆ ಇದ್ದು, ಮೆಲ್ಲಗೆ ಕೇಳಿದರು: ‘ಇವು ಮನುಷ್ಯಾರು ಕಡದಿದ್ದಲ್ಲ ಹೌದಿಲ್ಲೊ? ಬ್ಯಾಸಗ್ಯಾಗ ನಮ್ಮ ಹೊಲ ಬಿರೀತದಲ್ಲ, ಹಂಗೇ ಅದ.’

ಭೂವಿಜ್ಞಾನದ ಪುಸ್ತಕಗಳನ್ನು ಓದಿ, ಅದನ್ನು ಅವರಿಗೆ ಹೇಗೆ ತಿಳಿಸಲೆಂದು ದಾರಿಯುದ್ದಕ್ಕೂ ವಾಕ್ಯಗಳನ್ನು ಜೋಡಿಸಿಕೊಂಡು ಬಂದಿದ್ದ ನನಗೆ ಇನ್ನು ಹೇಳಬೇಕಾದುದು ಸ್ವಲ್ಪವೇ ಉಳಿಯಿತು. ನಡೆದಿರುವುದು ಅದೇ. ಎರೆಯ ನೆಲವು ಮಳೆಗಾಲದಲ್ಲಿ ನೀರು ಕುಡಿದು ಉಬ್ಬಿ, ಬೇಸಿಗೆಯಲ್ಲಿ ಆ ನೀರನ್ನು ಕಳೆದುಕೊಂಡು ಕುಗ್ಗುವಾಗ, ಕುಗ್ಗಿದಷ್ಟು ಜಾಗವನ್ನು ಎಲ್ಲಿಯಾದರೂ ತೆರೆಯಲೇಬೇಕಾದುದರಿಂದ ಬಿರಿಯುತ್ತದೆ. ಭೂಗರ್ಭದಿಂದ ಉಕ್ಕಿ ಹರಡಿದ ಲಾವಾರಸವೂ ಹಾಗೆಯೇ. ಅದು ಕಳೆದುಕೊಳ್ಳುವುದು ನೀರನ್ನಲ್ಲ, ಬಿಸಿಯನ್ನು. ಮೇಲ್ಮೈ ಮೊದಲು ಆರಿ ಗಟ್ಟಿಯಾಗಿ ಕುಗ್ಗುತ್ತದೆ, ಬಿರುಕು ಅಲ್ಲಿ ಹುಟ್ಟುತ್ತದೆ. ಒಳಗಿನ ರಸವು ಪದರಪದರವಾಗಿ ಆರುತ್ತ ಹೋದಂತೆ ಬಿರುಕೂ ಅದರ ಬೆನ್ನು ಹಿಡಿದು ಕೆಳಗಿಳಿಯುತ್ತದೆ. ಮೇಲೆ ಅಡ್ಡಾದಿಡ್ಡಿಯಾಗಿ ಮೊದಲಾದ ಬಿರುಕುಗಳು ಆಳಕ್ಕಿಳಿದಂತೆ ಹದಗೊಂಡು, ಮೂರು ಮೂರು ಒಂದೆಡೆ ಕೂಡುತ್ತ, ಸುಮಾರಾಗಿ ಆರು ಮೂಲೆಯ ಆಕೃತಿಯನ್ನು ತಾಳುತ್ತವೆ. ನೆಲವನ್ನು ಸಂದಿಲ್ಲದಂತೆ ಸಮಪಾಲಾಗಿ ಹಂಚುವ ಆಕೃತಿಗಳಲ್ಲೆಲ್ಲ ಷಟ್ಕೋನಕ್ಕೆ ಬೇಕಾಗುವ ಅಂಚಿನ ಉದ್ದ ಅತ್ಯಂತ ಕಡಿಮೆ; ಜೇನುನೊಣವು ಮೇಣವನ್ನು ಉಳಿಸಲು ಆರಿಸಿಕೊಂಡ ಆಕೃತಿಯನ್ನೇ ಆರುವ ಕಲ್ಲೂ ಆರಿಸಿಕೊಳ್ಳುತ್ತದೆ. ಆದರೆ ನಿಸರ್ಗವು ಗಣಿತದ ಪುಸ್ತಕವಲ್ಲವಾದುದರಿಂದ ನಾಲ್ಕು, ಐದು, ಏಳು ಮೂಲೆಯ ಕಂಬಗಳೂ ನಡುನಡುವೆ ಇರುತ್ತವೆ.

ಇಂತಹ ಸ್ತಂಭಶಿಲೆಗಳು ಲೋಕದಲ್ಲಿ ಬೇರೆಡೆಯೂ ಇವೆ. ಐರ್ಲೆಂಡಿನ ಉತ್ತರ ತೀರದಲ್ಲಿರುವ ‘ದೈತ್ಯನ ಸೇತುವೆ’ಯಲ್ಲಿ ಇವು ನಲವತ್ತು ಸಾವಿರದಷ್ಟು ಇವೆಯೆಂದು ಲೆಕ್ಕ, ಮುಂಬಯಿಯ ಅಂಧೇರಿಯ ಮನೆಗಳ ನಡುವೆ ಗಿಲ್ಬರ್ಟ್ ಹಿಲ್ ಎಂಬ ಹೆಸರಿನ ಇಂಥದೇ ಬಂಡೆಯೊಂದು ಎದ್ದು ನಿಂತಿದೆ. ಮಲ್ಪೆಯ ಈ ಸ್ತಂಭಗಳನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಬೆಂಗಳೂರಿನ ಲಾಲ್‌ಬಾಗಿನ ಬಂಡೆಯೂ, ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯ ದಿಂಬುಲಾವಾ ಶಿಲೆಯೂ ನಮ್ಮ ರಾಜ್ಯದಲ್ಲಿ ಅದೇ ಗೌರವವನ್ನು ಪಡೆದಿರುವ ಶಿಲೆಗಳು. ಸಾಮಾನ್ಯವಾಗಿ ಇವನ್ನು ಕರಿಕಲ್ಲು, ಬಸಾಲ್ಟ್ ಎಂದು ಕರೆಯುವುದು ರೂಢಿಯಾದರೂ, ಶಿಲೆಯ ಒಳಗುಣವನ್ನು ಪರೀಕ್ಷಿಸಿದ ವಿದ್ವಾಂಸರು ಇದರಲ್ಲಿ ಸಿಲಿಕಾ ಅಂಶವು ಬಸಾಲ್ಟಿಗಿಂತ ಬಹಳ ಹೆಚ್ಚಾಗಿದೆಯೆಂದೂ, ಇದನ್ನು ರಯೋಲೈಟ್, ಡೇಸೈಟ್ ಎಂಬ ವರ್ಗಕ್ಕೆ ಸೇರಿಸಬೇಕೆಂದೂ ಹೇಳುತ್ತಾರೆ.

ಇದಕ್ಕಿಂತಲೂ ವಿಸ್ಮಯಕರವಾದುದು ಈ ಕಲ್ಲಿನ ವಯಸ್ಸು. ಇದು ಸುಮಾರು ಎಂಟೂವರೆಯಿಂದ ಒಂಬತ್ತು ಕೋಟಿ ವರ್ಷಗಳ ಹಿಂದಿನದೆಂದು ಗಣನೆ. ಆ ಕಾಲದಲ್ಲಿ ಇಂದಿನ ಕರಾವಳಿಯ ಮಗ್ಗುಲಿಗೆ ಕಡಲಿರಲಿಲ್ಲ. ಇಂದು ಆಫ್ರಿಕದ ಪಕ್ಕದಲ್ಲಿರುವ ಮಡಗಾಸ್ಕರ್ ಎಂಬ ಮಹಾದ್ವೀಪಖಂಡವು ನಮ್ಮ ನೆಲಕ್ಕೆ ಅಂಟಿಕೊಂಡಿತ್ತು. ಭೂಮಿಯ ಒಳಶಾಖದಿಂದ ಆ ಕೂಡುನೆಲವು ಹಿಗ್ಗಿ, ಸೀಳಿ, ಸೀಳಿನ ಉದ್ದಕ್ಕೂ ಲಾವಾ ಉಕ್ಕಿ, ಕೊನೆಗೆ ಎರಡು ಭೂಭಾಗಗಳೂ ಒಂದನ್ನೊಂದು ಬಿಟ್ಟು ಸರಿದುವು. ನಡುವೆ ಕಡಲು ತುಂಬಿತು. ಅದೇ ಕಾಲದ ಲಾವಾಶಿಲೆಗಳು ಮಡಗಾಸ್ಕರಿನ ಪೂರ್ವದ ತೀರದಲ್ಲಿ ಇಂದಿಗೂ ಇವೆ. ಆ ತೀರದ ಎದುರಿಗೂ ಸೇಂಟ್ ಮೇರಿಯ ಹೆಸರನ್ನೇ ಹೊತ್ತ ದ್ವೀಪವೊಂದಿದೆ ಎಂಬುದು ಆಕಸ್ಮಿಕವೇ ಹೌದಾದರೂ, ನಕ್ಷೆಯಲ್ಲಿ ಅದನ್ನು ಮೊದಲ ಬಾರಿ ಕಂಡಾಗ ನಾನು ಬಹಳ ಹೊತ್ತು ಬೆರಳನ್ನು ಅಲ್ಲಿಂದ ತೆಗೆಯಲಿಲ್ಲ. ಅಗಲಿದ ಇಬ್ಬರು ಒಡಹುಟ್ಟಿದವರು ಒಂದೇ ಹೆಸರನ್ನು ಹೊತ್ತು ದೂರದೂರದಲ್ಲಿ ಬಾಳುತ್ತಿರುವಂತೆ ತೋರಿತು.

ನಮ್ಮ ಭಾಲ್ಕಿಯ ನೆಲದ ಕಥೆಯೂ ಇದರ ಮುಂದಿನ ಅಧ್ಯಾಯವೇ. ಮಡಗಾಸ್ಕರ್ ಅಗಲಿ ಎರಡು ಕೋಟಿ ವರ್ಷಗಳಿಗೂ ಹೆಚ್ಚು ಕಾಲ ಕಳೆದ ಮೇಲೆ, ಇಂದಿಗೆ ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಉತ್ತರಕ್ಕೆ ಸಾಗುತ್ತಿದ್ದ ಭಾರತದ ನೆಲವು ಇನ್ನೊಂದು ಒಳಗುಂಡದ ಮೇಲೆ ಹಾದು ಬಂದಾಗ ಎರಡನೆಯ ಬಾರಿ ಲಾವಾ ಉಕ್ಕಿ, ಅಲೆಯ ಮೇಲೆ ಅಲೆಯಾಗಿ ಹರಡಿ, ದಖನ್ನಿನ ಪ್ರಸ್ಥಭೂಮಿಯನ್ನು ಕಟ್ಟಿತು. ಅಳಿದುಳಿದ ಅದರ ವಿಸ್ತಾರವೇ ಐದು ಲಕ್ಷ ಚದರ ಕಿಲೋಮೀಟರಿನಷ್ಟು. ಸಹ್ಯಾದ್ರಿಯ ಕಡೆ ಎರಡು ಕಿಲೋಮೀಟರಿನವರೆಗೂ ದಪ್ಪವಾಗಿದ್ದು ಪೂರ್ವಕ್ಕೆ ಬರುತ್ತ ತೆಳುವಾಗಿ ನಮ್ಮ ಸೀಮೆಯಲ್ಲಿ ಅಂಚು ಮುಟ್ಟುತ್ತದೆ. ಭಾಲ್ಕಿ ಔರಾದಗಳ ಕರಿಕಲ್ಲು ಅದು. ಆ ಕಲ್ಲು ಯುಗಯುಗಗಳ ಬಿಸಿಲು ಮಳೆಗಳಿಗೆ ಕರಗಿ ಪುಡಿಯಾದುದೇ ಉದ್ದು ತೊಗರಿಗಳನ್ನು ಬೆಳೆಯುವ ನಮ್ಮ ಎರೆ. ಹೀಗಿರುವುದರಿಂದ ಭಾಲ್ಕಿಯ ರೈತನು ಮಲ್ಪೆಯ ಕಂಬವನ್ನು ಕಂಡು ತನ್ನ ಹೊಲವನ್ನು ನೆನೆದುದು ಕೇವಲ ಉಪಮಾನವಾಗಿ ಉಳಿಯಲಿಲ್ಲ. ಬೆಂಕಿಯಿಂದ ಹುಟ್ಟಿದ ನೆಲದವನು ಬೆಂಕಿಯಿಂದ ಹುಟ್ಟಿದ ಇನ್ನೊಂದು ನೆಲವನ್ನು ಗುರುತಿಸಿದನೆಂದು ನಾನು ತಿಳಿಯುತ್ತೇನೆ. ಇದನ್ನೆಲ್ಲ ಹೇಳಿದಾಗ ಮಾವನವರು, ‘ಅಂದರ ಇದು ನಮ್ಮ ಕಲ್ಲಿಗಿ ಅಣ್ಣ ಆತು’ ಎಂದು, ಕಂಬದ ಮೈಯನ್ನು ಎತ್ತಿನ ಬೆನ್ನು ಸವರುವಂತೆ ಒಮ್ಮೆ ಸವರಿದರು.

ಅಂತಹ ಕಲ್ಲಿನ ಮೇಲೆ ಹೆಸರು ಕೆತ್ತುವ ಕೈಗಳನ್ನು ನೆನೆದರೆ ನನಗೆ ದುಃಖವಾಗುತ್ತದೆ. ಕೋಟ್ಯಂತರ ವರ್ಷ ಬಾಳಿ ಅಲೆಯ ಹೊಡೆತವನ್ನು ತಾಳಿಕೊಂಡುದಕ್ಕೆ ಒಂದು ಮೊಳೆಯ ಗೀರು ಸಹಿಸಲಸಾಧ್ಯವಾದ ನೋವೇನೂ ಆಗಲಾರದು; ಆದರೆ ಆ ಗೀರನ್ನು ಮುಂದೆ ಬರುವ ಮಗುವೂ ಕಾಣಬೇಕಾಗುತ್ತದೆ. ಪ್ಲಾಸ್ಟಿಕ್ ಚೀಲ ಬಾಟಲಿಗಳನ್ನು ಇಲ್ಲಿ ಬಿಟ್ಟು ಬಂದರೆ ಅದನ್ನು ಹೊತ್ತೊಯ್ಯುವವನು ಕಡಲೊಬ್ಬನೇ, ಅವನು ಅದನ್ನು ಒಯ್ಯುವುದು ಮೀನಿನ ಹೊಟ್ಟೆಗೆ. ಇನ್ನೊಂದು ಮಾತು: ಅಲೆ ಸದಾ ತಾಕುವ ಕಂಬಗಳ ಮೇಲೆ ಪಾಚಿ ಬೆಳೆದು ನುಣುಪಾಗಿರುವುದರಿಂದ ತೀರದ ಕೊಟ್ಟಕೊನೆಯ ಕಲ್ಲಿಗೆ ಹೋಗಿ ನಿಲ್ಲಬಾರದು. ಮೇಲ್ನೋಟಕ್ಕೆ ಶಾಂತವಾಗಿ ಕಾಣುವ ಈ ನೀರಿನಲ್ಲಿ ಕಾಲು ಜಾರಿ ಪ್ರಾಣ ಕಳೆದುಕೊಂಡ ಎಳೆಯರಿದ್ದಾರೆ. ಕಾವಲುಗಾರನು ಸೀಟಿ ಊದಿದಾಗ ಹಿಂದಕ್ಕೆ ಬರುವುದರಲ್ಲಿ ಅವಮಾನವೇನೂ ಇಲ್ಲ. ಹಿಡಿತವಿರುವ ಚಪ್ಪಲಿ, ತಲೆಗೊಂದು ವಸ್ತ್ರ, ಕುಡಿಯುವ ನೀರು, ಇಷ್ಟು ಜೊತೆಗಿದ್ದರೆ ಸಾಕು. ಇಳಿತದ ಹೊತ್ತನ್ನು ದೋಣಿಯವರನ್ನು ಕೇಳಿ ತಿಳಿದುಕೊಂಡು ಹೋದರೆ ಹೆಚ್ಚು ಕಲ್ಲುಗಳು ಬಯಲಿಗೆ ಬಂದಿರುತ್ತವೆ. ಭರತ ಇಳಿತಗಳು ದಿನಕ್ಕೆ ಎರಡೆರಡು ಬಾರಿ, ಪ್ರತಿದಿನವೂ ಹಿಂದಿನ ದಿನಕ್ಕಿಂತ ಮುಕ್ಕಾಲು ಗಂಟೆಗೆ ಮಿಗಿಲು ತಡವಾಗಿ ಬರುತ್ತವೆ. ಹುಣ್ಣಿಮೆ ಅಮಾವಾಸ್ಯೆಗಳ ಸುತ್ತಮುತ್ತ ಅವುಗಳ ಏರಿಳಿತ ಅತಿ ಹೆಚ್ಚು.

ಮಧ್ಯಾಹ್ನ ದಡಕ್ಕೆ ಮರಳಿ, ಕುಚ್ಚಲಕ್ಕಿಯ ಅನ್ನವನ್ನು ಮಾವನವರು ಸಂಶಯದಿಂದ ಮೊದಲುಮಾಡಿ ಸಂತೋಷದಿಂದ ಮುಗಿಸಿದ ಮೇಲೆ, ಬಿಸಿಲು ಇಳಿಯುವ ಹೊತ್ತಿಗೆ ಕಾಪುವಿನ ಕಡೆಗೆ ಹೊರಟೆವು. ಉಡುಪಿಯಿಂದ ದಕ್ಷಿಣಕ್ಕೆ ಹನ್ನೆರಡು ಹದಿಮೂರು ಕಿಲೋಮೀಟರು. ದಾರಿಯ ಬದಿಯ ಕಾಂಪೌಂಡು ಗೋಡೆಗಳನ್ನೂ ಬಾವಿಯ ಕಟ್ಟೆಗಳನ್ನೂ ಕಂಡು ಅವರು ಮತ್ತೊಮ್ಮೆ ಬೆರಗಾದರು; ಏಕೆಂದರೆ ಅವೆಲ್ಲ ಕೆಂಪಾದ, ತೂತುತೂತಾದ ಮುರಕಲ್ಲಿನವು, ಬೀದರದ ಕೋಟೆಯ ಕಲ್ಲೇ. ಮುರಕಲ್ಲೆಂದರೆ ಮೂಲಶಿಲೆಯು ಬಿಸಿಲು ಮಳೆಗಳಲ್ಲಿ ದೀರ್ಘಕಾಲ ನೆನೆದು ಬೆಂದು, ಸಿಲಿಕಾ ಮೊದಲಾದವು ತೊಳೆದುಹೋಗಿ, ಕಬ್ಬಿಣ ಅಲ್ಯುಮಿನಿಯಮ್‌ಗಳು ಹಿಂದುಳಿದು ಆದ ಪದರ. ನೆಲದೊಳಗೆ ಇರುವಾಗ ಕೊಡಲಿಯಿಂದ ಕಡಿಯುವಷ್ಟು ಮೆದು, ಗಾಳಿಗೆ ಬಂದ ಮೇಲೆ ಇಟ್ಟಿಗೆಯಂತೆ ಗಟ್ಟಿ. ಟಿಪ್ಪುವಿನ ಪತನದ ಬಳಿಕ 1800-01ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ನನು ಈ ಕಲ್ಲನ್ನು ಕಂಡು, ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಮಾತಿನಿಂದ ಅದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟನು. 1807ರಲ್ಲಿ ಅಚ್ಚಾದ ಅವನ ಗ್ರಂಥದಿಂದ ಆ ಹೆಸರು ಲೋಕವನ್ನೆಲ್ಲ ಸುತ್ತಿತು. ಬೀದರದ ಎತ್ತರದ ಬಯಲು ಕರಿಕಲ್ಲಿನ ಮೇಲೆ ಇದೇ ಮುರಕಲ್ಲಿನ ಮುಚ್ಚಳವನ್ನು ಹೊದ್ದಿರುವುದರಿಂದಲೇ ಮಳೆಯ ನೀರು ಮೇಲಿನ ತೂತುಗಲ್ಲಿನಲ್ಲಿ ಇಳಿದು, ಕೆಳಗಿನ ಗಟ್ಟಿಗಲ್ಲಿನ ಮೇಲೆ ತಂಗುತ್ತದೆ; ಬಹಮನೀ ಕಾಲದವರು ಅಲ್ಲಿ ಸುರಂಗ ಕೊರೆದು ಕರೇಜ್ ಎಂಬ ನೀರಿನ ದಾರಿಯನ್ನು ಮಾಡಿದರು. ಕಡಲಿಂದ ಅಷ್ಟು ದೂರದಲ್ಲಿಯೂ ಕಡಲ ತೀರದ ಕಲ್ಲೇ ನಮ್ಮೂರಿಗೆ ನೀರುಣಿಸಿದೆ.

ಕಾಪುವಿನಲ್ಲಿ ಊರೊಳಗಿನ ಮಾರಿಗುಡಿಗಳಿಗೆ ಕೈಮುಗಿದು ಪಶ್ಚಿಮಕ್ಕೆ ಸ್ವಲ್ಪ ದೂರ ಹೋದರೆ ಮರಳಿನ ಉದ್ದವಾದ ತೀರ. ಇದು ದಿನದ ಎರಡನೆಯ ನಡಿಗೆ. ಬೆಳಗಿನದಕ್ಕಿಂತಲೂ ಸುಲಭವಾದುದು, ಏಕೆಂದರೆ ನೀರು ತಾಗಿ ಗಟ್ಟಿಯಾದ ಮರಳಿನ ಅಂಚಿನಲ್ಲಿ ಬರಿಗಾಲಿನಿಂದ ಎಷ್ಟು ದೂರ ನಡೆದರೂ ಕಾಲು ನೋಯುವುದಿಲ್ಲ. ತೀರದ ಮಗ್ಗುಲಲ್ಲಿಯೇ ಕಡಲಿಗೆ ಮುಖವಾಗಿ ದೊಡ್ಡ ಬಂಡೆ. ಬಂಡೆಯ ಮೇಲೆ 1901ರಲ್ಲಿ ಬ್ರಿಟಿಷರು ಕಟ್ಟಿಸಿದ, ಇಪ್ಪತ್ತೇಳು ಮೀಟರು ಎತ್ತರದ ದುಂಡನೆಯ ದೀಪಸ್ತಂಭ. ಸಂಜೆಯ ಹೊತ್ತು ಸ್ವಲ್ಪ ಕಾಲ ಜನರನ್ನು ಮೇಲೆ ಹತ್ತಲು ಬಿಡುವುದುಂಟು. ಮಾವನವರು ಬಂಡೆಯ ಮೆಟ್ಟಿಲವರೆಗೆ ಬಂದು, ಅಲ್ಲಿಯೇ ಕಡಲಿಗೆ ಮುಖಮಾಡಿ ಕುಳಿತು, ‘ನೀ ಹೋಗಿ ನೋಡಿ ಬಾ, ನೋಡಿದ್ದು ಹೇಳು, ನನಗ ಅಷ್ಟ ಸಾಕು’ ಎಂದರು.

ಒಳಗಿನ ಸುತ್ತುಮೆಟ್ಟಿಲನ್ನು ಏರಿ ಹೊರಗಿನ ಜಗುಲಿಗೆ ಬಂದಾಗ ಗಾಳಿ ಅಂಗಿಯನ್ನು ಹಿಡಿದೆಳೆಯಿತು. ಪೂರ್ವಕ್ಕೆ ತೆಂಗಿನ ತಲೆಗಳ ಹಸುರು ಹಾಸು, ಪಶ್ಚಿಮಕ್ಕೆ ದಿಗಂತದವರೆಗೆ ನೀರು, ವಾಯವ್ಯಕ್ಕೆ ನಾವು ಬೆಳಿಗ್ಗೆ ಸುತ್ತಿದ ದ್ವೀಪಗಳ ದಿಕ್ಕು. ಭೂಮಿಯು ದುಂಡಗಿರುವುದರಿಂದ ನೀರಿನ ಮಟ್ಟದಲ್ಲಿ ನಿಂತವನಿಗೆ ಕಡಲು ನಾಲ್ಕೈದು ಕಿಲೋಮೀಟರಿನಾಚೆ ಮರೆಯಾಗುತ್ತದೆ. ಇಪ್ಪತ್ತೇಳು ಮೀಟರು ಎತ್ತರಕ್ಕೆ ಏರಿದವನಿಗೆ ಅದು ಹದಿನೆಂಟು ಕಿಲೋಮೀಟರಿಗೂ ಮೀರಿ ತೆರೆದುಕೊಳ್ಳುತ್ತದೆ. ದೀಪವನ್ನು ಎತ್ತರದಲ್ಲಿಡುವುದು ಇದಕ್ಕಾಗಿ. ಆದರೆ ಎತ್ತರವೊಂದೇ ಸಾಲದು. ಬತ್ತಿಯ ಬೆಳಕು ಎಲ್ಲ ದಿಕ್ಕಿಗೂ ಚೆಲ್ಲಿಹೋಗುವುದನ್ನು ತಡೆದು, ಒಂದೇ ಮಟ್ಟದಲ್ಲಿ ಕಡಲಿನತ್ತ ಕಳುಹಿಸಬೇಕು. ಈ ಸಮಸ್ಯೆಯನ್ನು ಬಿಡಿಸಿದವನು ಫ್ರಾನ್ಸಿನ ಅಗಸ್ಟಿನ್ ಫ್ರೆನೆಲ್. ಮಣಭಾರದ ದಪ್ಪ ಗಾಜಿನ ಮಸೂರಕ್ಕೆ ಬದಲಾಗಿ, ಮಸೂರದ ಬಾಗಿದ ಮೈಯನ್ನು ಮಾತ್ರ ಬಳೆಬಳೆಗಳಾಗಿ ಕತ್ತರಿಸಿ ಒಂದರ ಸುತ್ತ ಒಂದನ್ನು ಜೋಡಿಸಿದರೆ, ಕಡಿಮೆ ಗಾಜಿನಿಂದ ಅಷ್ಟೇ ಬೆಳಕನ್ನು ಕೂಡಿಸಬಹುದೆಂದು ಅವನು ಕಂಡುಹಿಡಿದನು. 1823ರಲ್ಲಿ ಫ್ರಾನ್ಸಿನ ಕಾರ್ಡೂವಾನ್ ದೀಪಸ್ತಂಭದಲ್ಲಿ ಅವನ ಮಸೂರ ಮೊದಲು ಬೆಳಗಿತು. ಕಾಪುವಿನಲ್ಲಿ ಹಿಂದೆ ಸೀಮೆಎಣ್ಣೆಯ ದೀಪ ಉರಿಯುತ್ತಿತ್ತು, ಇಂದು ವಿದ್ಯುತ್ತಿನದು. ಒಂದೊಂದು ಸ್ತಂಭದ ಬೆಳಕಿಗೂ ಮಿನುಗುವ ಲಯ ಬೇರೆಬೇರೆ. ಎಷ್ಟು ಕ್ಷಣಕ್ಕೊಮ್ಮೆ ಎಷ್ಟು ಮಿಂಚು ಎಂಬುದನ್ನು ಎಣಿಸಿ ನಾವಿಕನು ತಾನು ಯಾವ ಊರಿನ ಎದುರಿಗಿರುವೆನೆಂದು ತಿಳಿಯುತ್ತಾನೆ. ಉಪಗ್ರಹಗಳು ದಾರಿ ಹೇಳುವ ಈ ಕಾಲದಲ್ಲಿಯೂ, ಯಂತ್ರ ಕೆಟ್ಟ ರಾತ್ರಿಯಲ್ಲಿ ಮೀನುಗಾರನ ಕಣ್ಣು ಹುಡುಕುವುದು ಆ ಮಿಂಚನ್ನೇ.

ಮೇಲೆ ನಿಂತಿದ್ದಾಗ ಬೀದರದ ಚೌಬಾರಾ ನೆನಪಾಯಿತು. ನಾಲ್ಕು ಬೀದಿಗಳು ಕೂಡುವ ಕಡೆ, 71 ಅಡಿ ಎತ್ತರಕ್ಕೆ ದುಂಡಗೆ ಎದ್ದಿರುವ, ಒಳಗೆ ಸುತ್ತುಮೆಟ್ಟಿಲಿರುವ ಆ ಕಾವಲುಗೋಪುರವನ್ನು ಕಂಡವರಿಗೆ ಕಾಪುವಿನ ಕಂಬ ಅಪರಿಚಿತವೆನಿಸಲಾರದು. ಅದರ ಮೇಲೆ ನಿಂತ ಕಾವಲುಗಾರನು ದಿಟ್ಟಿಸಿದ್ದು ಎರೆಬಯಲಿನ ಕಡಲನ್ನು. ಕಡಲಿಗೂ ಬೀದರಕ್ಕೂ ನಂಟಿಲ್ಲವೆಂದು ತಿಳಿಯುವುದೂ ಸರಿಯಲ್ಲ. ಬೀದರದಲ್ಲಿ ಮದರಸಾ ಕಟ್ಟಿಸಿದ ಮಹಮೂದ್ ಗಾವಾನನು ಗೀಲಾನಿನಿಂದ ಹೊರಟು ಕೊಂಕಣದ ದಾಭೋಳದಲ್ಲಿ ಹಡಗಿನಿಂದ ಇಳಿದು ಬಂದವನು. ರಷ್ಯಾದ ತ್ವೆರ್ ಪಟ್ಟಣದ ವರ್ತಕ ಅಫನಾಸಿ ನಿಕಿತಿನ್ನನು 1469ರ ಸುಮಾರಿಗೆ ಚೌಲದಲ್ಲಿ ಇಳಿದು, ಜೊತೆಗೆ ತಂದ ಕುದುರೆಯೊಂದನ್ನು ಮಾರಲು ಬೀದರದವರೆಗೂ ನಡೆದನು. ಬಹಮನಿಗಳ ಲಾಯಗಳನ್ನು ತುಂಬಿದ ಅರಬೀ ಕುದುರೆಗಳೆಲ್ಲವೂ ಅಲೆಗಳನ್ನು ದಾಟಿಯೇ ನಮ್ಮ ಎರೆಗೆ ಕಾಲಿಟ್ಟವು.

ಕೆಳಗಿಳಿದು ಬಂದು ಕಂಡುದನ್ನೆಲ್ಲ ಹೇಳಿದೆನು. ಸೂರ್ಯನು ನೀರಿಗಿಳಿದು ಬಹಳ ಹೊತ್ತಾಗುವವರೆಗೂ ಮಾವನವರು ಎದ್ದೇಳಲಿಲ್ಲ. ತಲೆಯ ಮೇಲಿನ ಬೆಳಕು ಮೊದಲ ಬಾರಿ ತಿರುಗಿದಾಗ, ಮಲ್ಪೆಯ ಕಂಬಗಳನ್ನು ಎಣಿಸಿದ ಬೆರಳುಗಳಿಂದಲೇ ಮಿಂಚಿನಿಂದ ಮಿಂಚಿನವರೆಗಿನ ಕಾಲವನ್ನು ಎಣಿಸತೊಡಗಿದರು. ಎರಡು ಬಾರಿ ಎಣಿಸಿದರು. ಎರಡೂ ಲೆಕ್ಕ ಸರಿಹೋದ ಮೇಲೆ, ಊರಿಗೆ ಹೋಗೋಣವೆಂದರು.

ವೈಶಾಖದಲ್ಲಿ ಅವರನ್ನು ಕಾಣಲು ಹೋದಾಗ ಮನೆಯಲ್ಲಿ ಇರಲಿಲ್ಲ. ಹೊಲದಲ್ಲಿ, ನೆತ್ತಿ ಸುಡುವ ಬಿಸಿಲಿನಲ್ಲಿ, ಕೈಯಲ್ಲೊಂದು ತೊಗರಿಕಟ್ಟಿಗೆ ಹಿಡಿದು ಕುಳಿತಿದ್ದರು. ಸುತ್ತ ಎರೆಯು ಬಾಯಿಬಿಟ್ಟು ತುಂಡುತುಂಡಾಗಿ ಬಿರಿದಿತ್ತು. ‘ಎಣಿಸಿ ನೋಡೀನೋ ತಮ್ಮಾ’ ಎಂದರು. ‘ನಾಕು ಮೂಲಿದು ಭಾಳ ಅದಾವ, ಐದರವು ಅದಾವ, ಆರರವು ಕಮ್ಮಿ. ಮಿರಗ ಬರೂದ್ರೊಳಗ ಬಿರೀಬೇಕು, ನಮ್ಮ ನೆಲಕ್ಕ ಅವಸರ. ಆ ಕಲ್ಲಿಗಿ ಪುರಸೊತ್ತಿತ್ತು.’ ಹಾಗೆಂದು ಆ ಕಟ್ಟಿಗೆಯನ್ನು ಒಂದು ಬಿರುಕಿನೊಳಗೆ ಇಳಿಬಿಟ್ಟರು. ಅದು ಮೊಳದುದ್ದ ಒಳಗೆ ಹೋಯಿತು.